ನೀಲಿ ಬರದಿದ್ದರೆ ಮಳೆಯನ್ನಷ್ಟೇ ದೂರಬೇಡಿ: ಸಮೇರಿಯಂ ಫ್ಲಾಸ್ಕಿಗೆ ಬಂದ ದಾರಿ

ಜೂನ್ ಬಂತೆಂದರೆ ಕಾರವಾರದಲ್ಲಿ ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ. ಈ ಹವೆಯಲ್ಲಿ ಸಮೇರಿಯಂ ಡೈಅಯೊಡೈಡ್ (ಬೇರೆ ಅಣುಗಳಿಗೆ ಎಲೆಕ್ಟ್ರಾನ್ ಕೊಡಲು ಸಾವಯವ ರಸಾಯನಜ್ಞರು ಬಳಸುವ, ಸಮೇರಿಯಂ ಲೋಹದ ಲವಣ) ಮಾಡಲು ಹೊರಟು, ದ್ರಾವಣ ನೀಲಿಯಾಗದೆ ಹಳದಿಯಲ್ಲೇ ನಿಂತರೆ ಎಲ್ಲರೂ ಮೊದಲು ದೂರುವುದು ತೇವವನ್ನು. ನಿಜಕ್ಕೂ ಮೊದಲು ನೋಡಬೇಕಾದದ್ದು ಲೋಹದ ಮೈಯನ್ನು.

ಸಮೇರಿಯಂ ಪತ್ತೆಯಾದದ್ದು 1879ರಲ್ಲಿ. ಫ್ರಾನ್ಸಿನ ಲೆಕೊಕ್ ದ ಬೊಯಿಸ್‌ಬೋದ್ರಾನ್ ಅದನ್ನು ಸಮರ್‌ಸ್ಕೈಟ್ ಎಂಬ ಖನಿಜದಲ್ಲಿ ಗುರುತಿಸಿದರು. ಆಮೇಲೆ ಬಹುಕಾಲ ಸಾವಯವ ರಸಾಯನಜ್ಞರು ಅದರತ್ತ ತಿರುಗಲಿಲ್ಲ. ಸಮೇರಿಯಂ ಸೇರಿದ ವಿರಳ ಭಸ್ಮ ಲೋಹಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಬೇರ್ಪಡಿಸುವುದೇ ದೊಡ್ಡ ಕೆಲಸವಾಗಿತ್ತು. ಅಮೆರಿಕದ ಏಮ್ಸ್ ಪಟ್ಟಣದಲ್ಲಿ ರಸಾಯನಜ್ಞ ಸ್ಪೆಡಿಂಗ್ ಅವರ ತಂಡ 1940–50ರ ದಶಕಗಳಲ್ಲಿ ಅಯಾನು ವಿನಿಮಯ ವಿಧಾನವನ್ನು ಪಳಗಿಸಿದ ಮೇಲೆ ಶುದ್ಧ ಲೋಹ ಕೈಗೆಟುಕಿತು. ನಮ್ಮ ದೇಶದಲ್ಲಿ ಇವುಗಳ ಮುಖ್ಯ ಮೂಲ ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜ. ಕಾರವಾರದ ಮಾಜಾಳಿ ಬಳಿಯ ತಿಳಮಾತಿ ಕಡಲತೀರದ ಎಳ್ಳಿನಂಥ ಕಪ್ಪು ಮರಳನ್ನು ನೋಡಿ ಆಸೆಪಡಬೇಕಿಲ್ಲ. ಮೊನಜೈಟ್ ಹಳದಿ-ಕಂದು ಕಾಳು, ಕಪ್ಪು ಬಣ್ಣ ಅದರ ಗುರುತಲ್ಲ.

1977ರಲ್ಲಿ ಹೆನ್ರಿ ಕಗಾನ್ ಮತ್ತು ಸಂಗಡಿಗರು ಸಮೇರಿಯಂ ಪುಡಿಗೆ ಡೈಅಯೊಡೊಈಥೇನ್ ಹಾಕಿ, ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ಎಂಬ ದ್ರಾವಕದಲ್ಲಿ ಡೈಅಯೊಡೈಡ್‌ನ ಗಾಢ ನೀಲಿ ದ್ರಾವಣ ಪಡೆದರು. ದೊಡ್ಡ ತಿರುವು ಅದೇ. ಗಟ್ಟಿ ಲೋಹ ಮೇಲ್ಮೈಯಲ್ಲಷ್ಟೇ ಕೆಲಸ ಮಾಡುತ್ತದೆ. ಕರಗಿದ ಲವಣವನ್ನಾದರೆ ಸಿರಿಂಜಿನಲ್ಲಿ ಅಳೆದು ಹಾಕಬಹುದು. ಎರಡು ಧನಾವೇಶದ ಸಮೇರಿಯಂ ಒಂದೊಂದೇ ಎಲೆಕ್ಟ್ರಾನ್ ಕೊಟ್ಟು ಮೂರಕ್ಕೆ ಏರುತ್ತದೆ. ಆ ಎಲೆಕ್ಟ್ರಾನ್ ಪಡೆದ ಕೀಟೋನ್ (ಇಂಗಾಲ-ಆಮ್ಲಜನಕದ ಜೋಡಿ ಬಂಧವಿರುವ ಸಾವಯವ ವಸ್ತು) ಒಂಟಿ ಎಲೆಕ್ಟ್ರಾನ್ ಹೊತ್ತ ಕೀಟೈಲ್ ರ್‍ಯಾಡಿಕಲ್ ಆಗಿ ಹೊಸ ಇಂಗಾಲದ ಬಂಧ ಕಟ್ಟಬಲ್ಲದು. 1987ರಲ್ಲಿ ಇನಾನಾಗ ತಂಡ ಎಚ್‌ಎಂಪಿಎ (ಹೆಕ್ಸಾಮೀಥೈಲ್‌ಫಾಸ್ಫೊರಮೈಡ್) ಸೇರಿಸಿದಾಗ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಆದರೆ ಅದು ಕ್ಯಾನ್ಸರ್ ತರಬಲ್ಲ ದ್ರವ. ಎಷ್ಟೋ ಕಡೆ ಅದರ ಬದಲಿಗೆ ನೀರೇ ಸಾಕಾಗುತ್ತದೆ, ನಾವಂತೂ ಮೊದಲು ನೀರನ್ನೇ ಪರೀಕ್ಷಿಸಿ ನೋಡಿ ಎನ್ನುತ್ತೇವೆ.

100 ಮಿಲೀ, 0.1 ಮೋಲಾರ್ ದ್ರಾವಣಕ್ಕೆ ಸಮೇರಿಯಂ 1.8 ಗ್ರಾಂ, ಡೈಅಯೊಡೊಈಥೇನ್ 2.82 ಗ್ರಾಂ. ಲೋಹ ಬೇಕೆಂದೇ ಹೆಚ್ಚಿರಬೇಕು. ಪುಡಿ ಹೊಳೆಯದೆ ಮಂಕಾಗಿದ್ದರೆ ಅದರ ಮೇಲೆ ಆಕ್ಸೈಡ್ ಪದರ ಕೂತಿದೆ ಎಂದರ್ಥ. ಆರ್ಗಾನ್ ತುಂಬಿದ ಒಣ ಫ್ಲಾಸ್ಕಿನಲ್ಲಿ, ದ್ರಾವಕ ಹಾಕುವ ಮೊದಲೇ ರಾತ್ರಿಯಿಡೀ ಕಾಂತದ ಕಡ್ಡಿಯಿಂದ ಕಲಕಿದರೆ ಕಾಳುಗಳು ಉಜ್ಜಿಕೊಂಡು ಹೊಸ ಮೈ ತೆರೆಯುತ್ತದೆ. ಡೈಅಯೊಡೊಈಥೇನ್ ಕಂದಾಗಿದ್ದರೆ ಅದರಲ್ಲಿ ಬಿಡಿ ಅಯೊಡಿನ್ ಇದೆ. ಈಥರ್‌ನಲ್ಲಿ ಕರಗಿಸಿ ಸೋಡಿಯಂ ಥಯೊಸಲ್ಫೇಟ್ ನೀರಿನಿಂದ ತೊಳೆದು, ಒಣಗಿಸಿ, ಬಿಳಿ ಹರಳು ಮಾಡಿಕೊಳ್ಳಬೇಕು. ನೀರು, ಆಮ್ಲಜನಕ ತೆಗೆಯುವ ಸೋಡಿಯಂ-ಬೆಂಜೊಫಿನೋನ್ ಮೇಲೆ ಆಗಷ್ಟೇ ಬಟ್ಟಿ ಇಳಿಸಿದ ಟಿಎಚ್‌ಎಫ್‌ನಲ್ಲಿ ಆ ಹರಳನ್ನು ಕರಗಿಸಿ ಲೋಹದ ಪುಡಿಗೆ ಹನಿಹನಿಯಾಗಿ ಬಿಡಿ. ಸುಮಾರು ಕಾಲು ಲೀಟರ್ ಎಥಿಲೀನ್ ಹೊರಬರುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ರಬ್ಬರ್ ಮುಚ್ಚಳ ಹಾರಿಹೋಗುತ್ತದೆ; ಅನಿಲ ಬೆಂಕಿ ಹಿಡಿಯುವಂಥದ್ದು, ಹಾಗಾಗಿ ಬಬ್ಲರ್ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ದ್ರವದ ನಳಿಗೆ) ಮೂಲಕ ಫ್ಯೂಮ್ ಹುಡ್‌ಗೆ (ಅನಿಲ ಎಳೆದುಹಾಕುವ ಗೂಡಿಗೆ) ಬಿಡಬೇಕು. ಬಣ್ಣ ಹಳದಿಯಿಂದ ಹಸಿರಾಗಿ, ಕೊನೆಗೆ ಬೆಳಕಿಗೆ ಹಿಡಿದರೂ ಆಚೆ ಕಾಣದಷ್ಟು ಗಾಢ ನೀಲಿಯಾಗುತ್ತದೆ.

ತಯಾರಿಯ ಹೊತ್ತಿಗೆ ಎಲ್ಲವೂ ಒಣಗಿರಬೇಕು ನಿಜ. ಆದರೆ ಸಿದ್ಧವಾದ ದ್ರಾವಣವನ್ನು ಬೇಗ ಕೊಲ್ಲುವುದು ನೀರಿಗಿಂತ ಆಮ್ಲಜನಕ. ಫ್ಲಾಸ್ಕಿಗೆ ಕಟ್ಟಿದ ಆರ್ಗಾನ್ ಬಲೂನಿನ ರಬ್ಬರ್ ಮೂಲಕ ಗಾಳಿ ನಿಧಾನವಾಗಿ ನುಸುಳುತ್ತದೆ. ರಾತ್ರಿ ಬಿಟ್ಟುಹೋದ ನೀಲಿ ಬೆಳಿಗ್ಗೆ ತೆಳುವಾಗಿರುವುದು ಅದಕ್ಕೇ. ತಳದಲ್ಲಿ ಲೋಹ ಉಳಿದಿದ್ದು, ಆರ್ಗಾನ್ ಒತ್ತಡ ಸದಾ ಇದ್ದರೆ ದ್ರಾವಣ ತಡೆಯುತ್ತದೆ. ಬಳಸುವ ದಿನ ಅಳತೆ ಗೊತ್ತಿರುವ ಅಯೊಡಿನ್ ದ್ರಾವಣದಿಂದ ಟೈಟ್ರೇಟ್ ಮಾಡಿ, ಅಂದರೆ ಎಷ್ಟು ಅಯೊಡಿನ್ ಹಿಡಿಯಿತೆಂದು ನೋಡಿ ದ್ರಾವಣದ ಸಾಂದ್ರತೆ ತಿಳಿಯಿರಿ. ಬಣ್ಣ ನಂಬಿ ಲೆಕ್ಕ ಹಾಕಬೇಡಿ.

ಇದರ ದೊಡ್ಡ ಕೊರತೆ ಪ್ರಮಾಣದ್ದು. ಕೀಟೋನ್ ಆಲ್ಕೊಹಾಲ್ ಆಗಲು ಎರಡು ಎಲೆಕ್ಟ್ರಾನ್ ಬೇಕು, ಅಂದರೆ 1 ಮಿಲಿಮೋಲ್ ಕೀಟೋನ್‌ಗೆ ಈ 0.1 ಮೋಲಾರ್ ದ್ರಾವಣ ಕನಿಷ್ಠ 20 ಮಿಲೀ. ಸತು ಅಥವಾ ಮೆಗ್ನೀಸಿಯಂ ಜೊತೆಗಿಟ್ಟು ಸಮೇರಿಯಂ ಅನ್ನು ಮತ್ತೆಮತ್ತೆ ಬಳಸುವ ಪ್ರಯತ್ನಗಳು 1990ರ ದಶಕದಿಂದ ನಡೆದಿವೆ. ಸಾಮಾನ್ಯ ಪ್ರಯೋಗಾಲಯದಲ್ಲಿ ಇನ್ನೂ ಫ್ಲಾಸ್ಕುಗಟ್ಟಲೆ ನೀಲಿಯೇ ಸುರಿಯಬೇಕು. ಕೆಲಸ ಮುಗಿದ ಮೇಲೆ ಬರಿ ನೀರು ಹಾಕಿದರೆ ಸಮೇರಿಯಂ ಹೈಡ್ರಾಕ್ಸೈಡ್ ಗಸಿಯಂತೆ ನಿಂತು ನೀರು ಮತ್ತು ಸಾವಯವ ದ್ರಾವಕದ ಎರಡು ಪದರ ಬೇರೆಯಾಗುವುದಿಲ್ಲ. ನಿಮ್ಮ ಉತ್ಪನ್ನ ಆಮ್ಲ ತಡೆಯುವಂತಿದ್ದರೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಗಸಿ ಕರಗುತ್ತದೆ.