ಕೆನಾಲ್ ಅಂದ್ರ ಹಳ್ಳ ಅಲ್ರೀ
ಜೂನ್ ಬಂತಂದ್ರ ಸಾಕು, ಸಿಂಹಗಡ ರೋಡಿನಿಂದ ಹಡಪ್ಸರ್ ತನಕ ಸೊಸೈಟಿ ಚೇರ್ಮನ್‌ಗಳ ಫೋನ್ ನನ್ನಂಥ ಇಂಜಿನಿಯರ್‌ಗೆ ಶುರು ಆಗ್ತಾವ. ಪುಣೆದಾಗ ನಮ್ಮ ವಿಜಯಪುರ, ಸೊಲ್ಲಾಪುರ, ಕಲಬುರ್ಗಿ ಕಡೆ ಮಂದಿ ಕಮಿಟಿಗಳಾಗ ಇರ್ತಾರ, ಹಿಂಗಾಗಿ ಅರ್ಧ ಜಗಳ ಕನ್ನಡದಾಗ ನಡೀತದ. ವಿಷಯ ಮಾತ್ರ ಎಲ್ಲಾರದೂ ಒಂದ: "ಸರ್, ನಮ್ಮ ಮಳೆನೀರಿನ ಪೈಪ್ ಕೆನಾಲಿಗೆ ಬಿಟ್ಟೀವಿ, ಪಾಟಬಂಧಾರೆ (ನೀರಾವರಿ) ಖಾತೆಯವ್ರು ನೋಟಿಸ್ ಕಳಿಸ್ಯಾರ. ನೀರಿಗೆ ನೀರು ಸೇರಿದ್ರ ಏನ್ ತಪ್ಪ ಹೇಳ್ರಿ? ಕೆಳಗಿನ ರೈತರಿಗೆ ಪುಕ್ಕಟ ನೀರು ಸಿಗ್ತದಲ್ಲ!"

ಈ ಪುಕ್ಕಟ ನೀರಿನ ಮಾತು ಕೇಳಿ ಕೇಳಿ ನನ್ನ ತಲಿ ಕೆಟ್ಟದ.

ನೋಡ್ರಿ, ಹಳ್ಳ ಕೆಳಗ ಹೋದಂಗ ಅಗಲ ಆಗ್ತದ, ಯಾಕಂದ್ರ ದಾರಿಯುದ್ದಕ್ಕೂ ನೀರು ಬಂದು ಕೂಡ್ತದ. ಕೆನಾಲ್ ಕೆಳಗ ಹೋದಂಗ ಸಣ್ಣದಾಗ್ತದ. ಖಡಕ್ವಾಸ್ಲಾ ಡ್ಯಾಮಿನ್ಯಾಗ ಹುಟ್ಟೋ ಮುಠಾ ಬಲದಂಡೆ ಕೆನಾಲ್ ಊರೊಳಗ ಹಾದು, ಹಡಪ್ಸರ್, ಲೋಣಿ ದಾಟಿ ದೌಂಡ್, ಇಂದಾಪುರ ಕಡೆ ಹೋಗ್ತದಲ್ಲ, ದಾರಿಯಾಗ ಒಂದೊಂದು ಶಾಖೆ ಅದರ ಪಾಲು ಎಳ್ಕೊಂತ ಹೋಗ್ತದ, ಉಳಿದ ನೀರಿಗೆ ಎಷ್ಟು ಬೇಕೋ ಅಷ್ಟ ಅಗಲ ಮುಂದ ಇಟ್ಟಿರ್ತಾರ. ಪಂಕ್ತಿಯಾಗ ಬಡಿಸ್ಕೊಂತ ಹೋಗೋ ಅನ್ನದ ಬುಟ್ಟಿ ಕಡೀಗೆ ಹಗುರ ಆಗ್ತದಲ್ಲ, ಹಂಗ. ಹೆಡ್ಡಿನ್ಯಾಗ, ಅಂದ್ರ ಶುರುವಿನ್ಯಾಗ, ಲಾರಿ ಹಿಡಿಸ್ತದ, ಟೇಲಿನ, ಅಂದ್ರ ಕಡೀ ತುದಿಯ, ಹಂಚಿಕಿ ಕಾಲುವಿ ಹುಡುಗ ಜಿಗದು ದಾಟ್ತಾನ. ಅಂದಮ್ಯಾಲೆ ನೀವು ನಡುವ ಬಿಟ್ಟ ನೀರು ಮುಂದ ಹೋದಂಗ ಅದಕ್ಕ ಜಾಗ ಕಡಿಮಿ ಆಗ್ತದೋ ಜಾಸ್ತಿ ಆಗ್ತದೋ?

ಮ್ಯಾಲೆ ಇನ್ನೊಂದು. ನಿಮ್ಮ ಟೆರೇಸಿನ ಮ್ಯಾಲೆ ಧೋ ಅಂತ ಮಳಿ ಸುರಿಯೋ ಹೊತ್ತಿಗೆ ರೈತನ ಹೊಲಾನೂ ತೊಯ್ದಿರ್ತದ. ಅವ ಗೇಟ್ ಬಂದ್ ಮಾಡಿ ಮನಿಗೆ ಹೋಗಿರ್ತಾನ. ಅಂದ್ರ ಹಾಕೋರು ಜಾಸ್ತಿ, ತಗೊಳ್ಳೋರು ಯಾರೂ ಇಲ್ಲ. ಕೆನಾಲಿನ್ಯಾಗ ನೀರು ಏರ್ತದ, ಮಣ್ಣಿನ ಏರಿ ಮ್ಯಾಲೆ ಒಮ್ಮೆ ಹರೀತು ಅಂದ್ರ ಏರಿ ಕೊರೀಲಿಕ್ಕೆ ಹೊತ್ತು ಬೇಕಾಗೂದಿಲ್ಲ. ಏಪ್ರಿಲ್ ತಿಂಗಳಾಗ ಅದ ರೈತಗ ಒಂದು ಕೊಡ ನೀರು ಬೇಕಾಗ್ತದ, ಆವಾಗ ನಿಮ್ಮ ಪೈಪ್ ಒಣಗಿರ್ತದ.

ಇನ್ನ ಲೆಕ್ಕ. ಹತ್ತು ಹೆಕ್ಟೇರ್ ಜಾಗ, ತಾಸಿಗೆ 60 ಮಿಲಿಮೀಟರ್ ಮಳಿ ಅಂತ ಹಿಡೀರಿ. ಹೊಲ ಇದ್ದಾಗ ಹತ್ತರಾಗ ಮೂರು ಪಾಲು ಹರದು ಬಂದ್ರ ಸೆಕೆಂಡಿಗೆ ಸುಮಾರು 500 ಲೀಟರ್. ಕಾಂಕ್ರೀಟ್, ಪೇವರ್ ಹಾಕಿದ ಮ್ಯಾಲೆ ಎಂಟು ಪಾಲು ಬರ್ತದ, 1,300 ಲೀಟರ್ ಮಿಕ್ಕಿ ಹೋಗ್ತದ. ಇದು ಅಂದಾಜು, ಜಾಗ ನೋಡದ ನಂಬರ್ ಬರಕೊಡೂದಿಲ್ಲ ನಾನು.

"ನೀರು ಇಳಿಜಾರಿಗೆ ಹರಿಯೋದು ನಮ್ಮ ಕಾನೂನಿನ ಹಕ್ಕು" ಅಂತ ಒಬ್ರು ರಿಟೈರ್ಡ್ ಕಾಕಾ 1882ರ ಈಸ್ಮೆಂಟ್ ಕಾಯ್ದೆ (ಮಂದಿ ಜಮೀನಿನ ಮ್ಯಾಲಿನ ದಾರಿ, ನೀರಿನಂಥ ಹಕ್ಕಿಂದು) ಪ್ರಿಂಟ್ ತಗೊಂಡ ಬಂದಿದ್ರು. ಭಾಳ ಓದಿದ ಮನುಷ್ಯ, ನಂಗ ಇಷ್ಟಾನೂ ಆದ್ರು, ಚಹಾ ಕುಡಿಸಿದೆ. ಆದ್ರ ಕಾಕಾ, ಅಲ್ಲಿ ಬರದದ್ದು ಸಹಜವಾಗಿ ಹರಿಯೋ ನೀರಿಂದು, ಅದೂ ಗೊತ್ತಾದ ಪಾತ್ರದಾಗ ಹರಿಯದ ನೀರಿಂದು. ಇಡೀ ಲೇಔಟಿನ ನೀರು ಒಂದ ಕಡೆ ಕೂಡಿಸಿ ಪೈಪಿನ್ಯಾಗ ತುಂಬಿ ಸರ್ಕಾರದ ಕೆನಾಲಿಗೆ ತೂತು ಹಾಕಿದ್ರ ಸಹಜ ಅಂತ ಕೋರ್ಟಿನ್ಯಾಗ ನಿಲ್ಲೋದು ಕಷ್ಟ ಅಂತ ನನ್ನ ಅನಿಸಿಕಿ. ವಕೀಲರನ್ನ ಕೇಳ್ರಿ, ನಾ ಇಂಜಿನಿಯರ್.

ಬರೇ ಸೊಸೈಟಿಯವರನ್ನ ಬೈಯೋದೂ ಅನ್ಯಾಯ. ಕೆನಾಲ್ ಗುಡ್ಡದ ಮಗ್ಗಲಿಗೆ ಅಡ್ಡ ಹೋಗ್ತದ, ಮ್ಯಾಲಿನ ನೀರೆಲ್ಲಾ ಅದಕ್ಕ ಬಂದು ಬಡೀಲೇಬೇಕು. ಅದಕ್ಕಂತನ ಕಟ್ಟಿದವ್ರು ಹಳ್ಳಗಳನ್ನ ಕೆನಾಲಿನ ಕೆಳಗೋ ಮ್ಯಾಲೋ ದಾಟಿಸಿ ಬಿಟ್ಟಿರ್ತಾರ, ಸಣ್ಣ ಪುಟ್ಟ ನೀರನ್ನ ಆ ಹಳ್ಳಕ್ಕ ಒಯ್ಯಲಿಕ್ಕೆ ಕೆನಾಲ್ ಮಗ್ಗಲಿಗೆ ಒಂದು ಗಟಾರ ತೋಡಿರ್ತಾರ. ಹೋದ ಮಳಿಗಾಲದಾಗ ಒಂದು ಸೊಸೈಟಿ ನೋಡ್ಲಿಕ್ಕೆ ಹೋದೆ. ಬಿಲ್ಡರ್ ಆ ಗಟಾರ ಮುಚ್ಚಿ ವಿಸಿಟರ್ ಪಾರ್ಕಿಂಗ್ ಮಾಡಿದ್ದ. ಅದರ ತುದಿಗೆ 600 ಎಂಎಂ ಹ್ಯೂಮ್ ಪೈಪ್ (ಕಾಂಕ್ರೀಟ್ ಪೈಪ್) ಕೆನಾಲಿನ ಒಳಮೈಗೆ ಹಾಕಿದ ಲೈನಿಂಗ್ ಒಡಕೊಂಡು ಕೆನಾಲಿನ್ಯಾಗ ಮೂತಿ ಚಾಚಿತ್ತು. ಪೈಪಿನ ಸುತ್ತ ಸಿಮೆಂಟ್ ಸುದ್ದಾ ಮೆತ್ತಿದ್ದಿಲ್ಲ. ಲೈನಿಂಗ್ ಬಡದು ನೋಡಿದೆ, ಟೊಳ್ಳ ಸಪ್ಪಳ ಬಂತು, ಹಿಂದಿನ ಮಣ್ಣು ಯಾವಾಗೋ ತೊಳಕೊಂಡ ಹೋಗಿತ್ತು. ನೀರಿನ ಮ್ಯಾಲೆ ಕಾರ್ ತೊಳೆದ ಎಣ್ಣಿ, ಗುಟ್ಕಾ ಚೀಟಿ. ಇದು ಪುಕ್ಕಟ ನೀರು!

2018ರ ಸೆಪ್ಟೆಂಬರ್ 27ಕ್ಕ ದಾಂಡೇಕರ್ ಪೂಲ್ ಹತ್ರ ಇದ ಕೆನಾಲ್ ಒಡದು ವಸ್ತಿಯೊಳಗ ನೀರು ನುಗ್ಗಿದ್ದು ನೆನಪಿರಬೇಕು. ಅದು ಮಳೆನೀರಿನ ಪೈಪಿನಿಂದ ಆತು ಅಂತ ನಾ ಹೇಳ್ಲಿಕ್ಕತ್ತಿಲ್ಲ, ಆಗಿನ ಮಂತ್ರಿಗಳು ಇಲಿ, ಏಡಿ ಬಿಲದ ಮ್ಯಾಲೆ ಹಾಕಿದ್ರು. ಏಡಿ ತೂತಿಗೆ ಒಡೀತದ ಅನ್ನೋದಾದ್ರ ನಿಮ್ಮ 600 ಎಂಎಂ ತೂತಿಗೆ ಏನನ್ಬೇಕು?

ಹಂಗಾದ್ರ ನೀರು ಎಲ್ಲಿ ಬಿಡೋದು ಅಂದ್ರ, ಮೊದಲು ಆ ಮುಚ್ಚಿದ ಗಟಾರ ತೆಗೀರಿ, ಹತ್ತಿರದ ಹಳ್ಳ ಕೆನಾಲ್ ದಾಟೋ ಜಾಗಾಕ್ಕ ಮುಟ್ಟಿಸ್ರಿ, ಜೋರು ಮಳಿ ತಡಕೊಂಡು ನಿಧಾನ ಬಿಡೋ ಟ್ಯಾಂಕ್ ಕಟ್ರಿ. ಅದೂ ಹಳ್ಳಕ್ಕ ತಾಕತ್ತು ಇದ್ರ ಮಾತ್ರ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆದಾಗಿನ ಆಂಬಿಲ್ ಓಢಾ ಅನ್ನೋ ಹಳ್ಳ ಉಕ್ಕಿ ಏನ್ ಮಾಡ್ತು ಎಲ್ಲಾರೂ ನೋಡ್ಯಾರ.

ನೋಟಿಸ್ ಬಂದಿದ್ರ "ಅವರ ಸೆಕ್ಷನ್ ಸಾಹೇಬ್ರು ಬಾಯಿಲೆ ಹೂಂ ಅಂದಾರ" ಅನ್ನೋದು ನಡಿಯೂದಿಲ್ಲ, ಪರವಾನಗಿ ಬರವಣಿಗಿಯಾಗ ಬೇಕು. ನನ್ನ ಹತ್ರ ಬರೋ ಮುಂಚೆ ಗಾಂವ್ ನಕಾಶೆ (ಊರಿನ ನಕ್ಷೆ), ಬಿಲ್ಡರ್ ಕೊಟ್ಟ ಡ್ರೇನೇಜ್ ಪ್ಲಾನ್, ನೆಲದ ಏರು-ತಗ್ಗು ತೋರಿಸೋ ಕಾಂಟೂರ್ ಸರ್ವೆ ಜೋಡಿಸ್ಕೊಂಡ ಬರ್ರಿ. ವಾಟ್ಸಾಪಿನ್ಯಾಗ ನೀರು ಹರಿಯೋ ವಿಡಿಯೋ ಕಳಿಸಬ್ಯಾಡ್ರಿ, ಅದನ್ನ ನೋಡಿ ನಾ ಲೆವೆಲ್ ಹೇಳ್ಲಿಕ್ಕೆ ಆಗೂದಿಲ್ಲ.