ನ್ಯಾನೋ ಕೆಲಸಕ್ಕೆ ಯಾವ ಬ್ರಾಂಚ್?

ಸಿಇಟಿ ಆಪ್ಷನ್ ಎಂಟ್ರಿಯ ಹೊತ್ತಿಗೆ 'ನ್ಯಾನೋಟೆಕ್ನಾಲಜಿ ಬಿಇ ಎಲ್ಲಿದೆ?' ಎಂಬ ಹುಡುಕಾಟ ಶುರುವಾಗುತ್ತದೆ. ನಮ್ಮ ಸಲಹೆ ನೇರವಾದದ್ದು: ಮೊದಲ ಪದವಿಯ ಹೆಸರಿನಲ್ಲಿ ನ್ಯಾನೋ ಇರಬೇಕಾಗಿಲ್ಲ. ಒಂದು ಮೂಲ ವಿಷಯ ಗಟ್ಟಿಯಾಗಲಿ, ನ್ಯಾನೋ ಸ್ನಾತಕೋತ್ತರ ಹಂತಕ್ಕೆ ಬರಲಿ. ಎಂ.ಟೆಕ್.ನಂಥ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ನ್ಯಾನೋಟೆಕ್ನಾಲಜಿ ಎಂಬ ಪತ್ರಿಕೆಯೇ ಇಲ್ಲ. ಎಲೆಕ್ಟ್ರಾನಿಕ್ಸ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಮೆಟಲರ್ಜಿ, ಕೆಮಿಕಲ್, ಬಯೋಟೆಕ್ನಾಲಜಿ, ಇಂಥ ಯಾವುದನ್ನಾದರೂ ಬರೆಯಲೇಬೇಕು. ಎಲ್ಲ ವಿಷಯದ 'ಪರಿಚಯ'ವನ್ನಷ್ಟೇ ಓದಿ ಬಂದವರು ಪತ್ರಿಕೆಯ ಮುಂದೆ ತಡವರಿಸುವುದು ಇಲ್ಲಿಯೇ.

ಹಾಗಾದರೆ ಯಾವ ಮೂಲ ವಿಷಯ? ಚಿನ್ನದ ನ್ಯಾನೋ ಕಣ ಮಾಡುವ ಒಂದು ಹಳೆಯ ಪ್ರಯೋಗದಿಂದ ಇದನ್ನು ಪರೀಕ್ಷಿಸಿಕೊಳ್ಳಬಹುದು. ಚಿನ್ನದ ಸಂಯುಕ್ತವಾದ ಕ್ಲೋರೋಆರಿಕ್ ಆಮ್ಲದ 1 ಮಿಲಿಮೋಲಾರ್ 20 ಮಿ.ಲೀ. ದ್ರಾವಣವನ್ನು ಕಲಕುತ್ತ ಕುದಿಸಿ, ಶೇ. 1ರ ಟ್ರೈಸೋಡಿಯಂ ಸಿಟ್ರೇಟ್ 2 ಮಿ.ಲೀ. ಒಮ್ಮೆಲೇ ಸುರಿಯುತ್ತಾರೆ. ತಿಳಿ ಹಳದಿ ಬಣ್ಣ ಮಾಯವಾಗಿ, ಸುಮಾರು ಹತ್ತು ನಿಮಿಷದಲ್ಲಿ ದ್ರಾಕ್ಷಾರಸದಂಥ ಕೆಂಪು ಬರುತ್ತದೆ. ಚಿನ್ನದ ಕಣಗಳ ಗಾತ್ರ 15 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೋಮೀಟರ್) ಆಸುಪಾಸು. ಗಾಜಿನ ಪಾತ್ರೆಯನ್ನು ಆಕ್ವಾ ರೀಜಿಯಾ ಎಂಬ, ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣದಲ್ಲಿ ಸರಿಯಾಗಿ ತೊಳೆಯದಿದ್ದರೆ ಕೆಂಪಿನ ಬದಲು ತಳದಲ್ಲಿ ಕಪ್ಪು ಗಷ್ಟು ಕೂರುತ್ತದೆ. ಈಗ ಕೆಂಪು ದ್ರಾವಣಕ್ಕೆ ಉಪ್ಪುನೀರು ಹಾಕಿ. ನೀಲಿಗೆ ತಿರುಗುತ್ತದೆ.

ಕಣಗಳು ಇಷ್ಟು ಹೊತ್ತು ಅಂಟಿಕೊಳ್ಳದೆ ಹೇಗಿದ್ದವು, ಉಪ್ಪು ಬಿದ್ದೊಡನೆ ಯಾಕೆ ಗುಂಪುಗೂಡಿದವು ಎಂದು ಕೇಳಬೇಕೆನಿಸಿದರೆ ರಸಾಯನಶಾಸ್ತ್ರ. ಗುಂಪುಗೂಡಿದರೆ ಬಣ್ಣ ಯಾಕೆ ಬದಲಾಗಬೇಕು ಎಂದರೆ ಭೌತಶಾಸ್ತ್ರ. 20 ಮಿ.ಲೀ. ಬದಲು 200 ಲೀಟರ್ ಮಾಡಿದರೂ ಅದೇ ಗಾತ್ರ ಬರುತ್ತದೆಯೇ ಎಂದು ಅನುಮಾನಿಸುವವರಿಗೆ ಕೆಮಿಕಲ್ ಎಂಜಿನಿಯರಿಂಗ್. ಈ ಬಣ್ಣದಿಂದ ರೋಗ ಪತ್ತೆ ಮಾಡಬಹುದಲ್ಲ ಎಂದು ಹೊಳೆದರೆ ಬಯೋಟೆಕ್ನಾಲಜಿ. ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಬಹುಪಾಲು ಇಂಥ ಚಿನ್ನದ ಕಣಗಳದ್ದೇ. ಇದ್ಯಾವುದೂ ಸೆಳೆಯದೆ ಚಿಪ್, ಸೆನ್ಸರ್ ಕಡೆಗೇ ಮನಸ್ಸಿದ್ದರೆ ಎಲೆಕ್ಟ್ರಾನಿಕ್ಸ್. ಆದರೆ ಅದರಲ್ಲಿ ಸೆಮಿಕಂಡಕ್ಟರ್ ಡಿವೈಸ್ ಪಾಠವನ್ನು ಪರೀಕ್ಷೆಗಷ್ಟೇ ಓದಿ ಮುಗಿಸಬಾರದು.

ಮೂಲ ಸಡಿಲವಾಗಿದ್ದರೆ ಯಂತ್ರ ಕೈಹಿಡಿಯುವುದಿಲ್ಲ. ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ (ಕಣಗಳಿಂದ ಚದುರಿದ ಎಕ್ಸ್‌ರೇಯ ಕೋನವಾರು ನಕ್ಷೆ) ಚಿನ್ನದ ಶಿಖರ 38.2 ಡಿಗ್ರಿಯಲ್ಲಿ ಬಂದು, ಅದರ ಅಗಲ 0.6 ಡಿಗ್ರಿ ಇದೆ ಎನ್ನಿ. ಶಿಖರದ ಅಗಲದಿಂದ ಕಣದ ಗಾತ್ರ ಲೆಕ್ಕ ಹಾಕುವ ಷೆರರ್ ಸೂತ್ರಕ್ಕೆ ಈ ಅಗಲವನ್ನು ರೇಡಿಯನ್‌ಗೆ ಬದಲಿಸಿ ಹಾಕಿದರೆ ಗಾತ್ರ ಸುಮಾರು 14 ನ್ಯಾನೋಮೀಟರ್. ಡಿಗ್ರಿಯಲ್ಲೇ ಹಾಕಿದರೆ 0.24, ಅಂದರೆ ಚಿನ್ನದ ಒಂದು ಪರಮಾಣುವಿಗಿಂತ ಚಿಕ್ಕದು! ಇಂಥ ಲೆಕ್ಕ ಪ್ರಾಜೆಕ್ಟ್ ವರದಿಯಲ್ಲಿ ಬೈಂಡ್ ಆಗಿಯೂ ಹೋಗುತ್ತದೆ. ಯಂತ್ರ ತಾನೇ ಶಿಖರಕ್ಕೆ ಸೇರಿಸುವ ಅಗಲವನ್ನು ಕಳೆಯದೆ ಬಿಡುವುದು ಇನ್ನೊಂದು ತಪ್ಪು. ಆಗ ಕಣ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಪಿಯುಸಿಯಲ್ಲಿರುವವರು ಪಿಸಿಎಂಬಿ ತೆಗೆದುಕೊಂಡರೆ ಎಂಜಿನಿಯರಿಂಗ್, ಬಯೋ ಎರಡೂ ಬಾಗಿಲು ತೆರೆದಿರುತ್ತವೆ. ಬಿ.ಎಸ್ಸಿ. ಅಂದರೆ ಎರಡನೇ ದರ್ಜೆ ಎಂಬ ಅಸಡ್ಡೆ ಬೇಡ: ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಬಿ.ಎಸ್ಸಿ. ಆದವರನ್ನೇ ತೆಗೆದುಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಧೂಳು ಸುಳಿಯದಂತೆ ಕಾಯ್ದ ಪ್ರಯೋಗಾಲಯ, ಅಂದರೆ ಕ್ಲೀನ್‌ರೂಮ್ ಇದೆ. ಹೊರಗಿನ ಕಾಲೇಜಿನವರಿಗೂ ಈ ಸೌಲಭ್ಯ ತೆರೆಯುವ ಐಎನ್‌ಯುಪಿ ಯೋಜನೆಯಡಿ ತರಬೇತಿ ಕೊಡುತ್ತ ಬಂದಿದ್ದಾರೆ. ನಿಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದಿದ್ದರೆ ಅದೇ ದೊಡ್ಡ ಕೊರತೆಯಲ್ಲ.

'ಎಸ್‌ಇಎಂ ಇದೆ' (ಒಂದು ಬಗೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಎಂದು ಜಾಹೀರಾತು ಕೊಡುವ ಕಾಲೇಜಿಗೆ ಹೋದರೆ ಯಂತ್ರದ ಪಕ್ಕದ ಲಾಗ್‌ಬುಕ್ ತೋರಿಸಲು ಕೇಳಿ. ಕಳೆದ ಸೆಮಿಸ್ಟರ್‌ನಲ್ಲಿ ಪದವಿ ವಿದ್ಯಾರ್ಥಿಗಳ ಹೆಸರು ಎಷ್ಟು ಸಾಲಿನಲ್ಲಿದೆ ಎಂದು ಎಣಿಸಿ.