ರಾಯಭಾರಿ ಆಡಿದ ಮಾತಿಗೆ ಕ್ರೀಮ್ ಬಿಡಬೇಕೆ?

ಪ್ರಶ್ನೆ: ನಾನು ವರ್ಷಗಳಿಂದ ಹಚ್ಚಿಕೊಳ್ಳುತ್ತಿರುವ ಕ್ರೀಮಿನ ಕಂಪನಿ ಹೊಸ ಜಾಹೀರಾತಿಗೆ ಆರಿಸಿಕೊಂಡಿರುವ ವ್ಯಕ್ತಿ ಹೆಂಗಸರ ಬಗ್ಗೆ ಕೀಳಾಗಿ ಮಾತನಾಡಿದ್ದಾರೆ. ಗೆಳತಿಯರು ಆ ಬ್ರ್ಯಾಂಡನ್ನೇ ಬಹಿಷ್ಕರಿಸಬೇಕು ಎನ್ನುತ್ತಾರೆ. ಮಂಡ್ಯದಲ್ಲಿ ಕುಳಿತು ನಾನೊಬ್ಬಳು ಬಿಟ್ಟರೆ ಅಷ್ಟು ದೊಡ್ಡ ಕಂಪನಿಗೆ ಏನಾದೀತು? ಮನೆಯಲ್ಲಿ ಉಳಿದಿರುವ ಅರ್ಧ ಡಬ್ಬಿಯನ್ನು ಏನು ಮಾಡಲಿ?

ಉತ್ತರ: ಆ ವ್ಯಕ್ತಿ ಆ ಮಾತನ್ನು ಯಾವಾಗ ಆಡಿದರು ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಕಂಪನಿಯ ತಪ್ಪು ಇದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಅಮೆರಿಕದ ಎಲ್ಫ್ ಕಾಸ್ಮೆಟಿಕ್ಸ್ 2025ರ ಆಗಸ್ಟ್‌ನಲ್ಲಿ ಹಾಸ್ಯಗಾರ ಮ್ಯಾಟ್ ರೈಫ್ ಅವರನ್ನು ಹಾಕಿಕೊಂಡು ಒಂದು ಜಾಹೀರಾತು ಹೊರತಂದಿತು. ಕಣ್ಣಿನ ಸುತ್ತ ಏಟಿನ ಗುರುತಿದ್ದ ಹೋಟೆಲ್ ಕೆಲಸದ ಹೆಣ್ಣುಮಗಳೊಬ್ಬಳಿಗೆ ಅಡುಗೆ ಬಂದಿದ್ದರೆ ಕಣ್ಣು ಹಾಗಾಗುತ್ತಿರಲಿಲ್ಲ ಎಂಬರ್ಥದ ನಗೆಮಾತನ್ನು ಅವರು 2023ರ ಕಾರ್ಯಕ್ರಮವೊಂದರಲ್ಲಿ ಆಡಿದ್ದರು; ಆಗಲೇ ಅದಕ್ಕೆ ಸಾಕಷ್ಟು ಆಕ್ಷೇಪವೂ ಬಂದಿತ್ತು. ಹೆಂಗಸರೇ ಗಿರಾಕಿಗಳಾಗಿರುವ ಕಂಪನಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ವಿರೋಧ ಜೋರಾದಾಗ ತಮ್ಮ ಲೆಕ್ಕಾಚಾರ ತಪ್ಪಿತೆಂದು ಕಂಪನಿಯೇ ಒಪ್ಪಿಕೊಂಡಿತು. ಇಲ್ಲಿ ಜನ ಸಿಟ್ಟಾದದ್ದು ಹಾಸ್ಯಗಾರನ ಮೇಲಷ್ಟೇ ಅಲ್ಲ, ಗೊತ್ತಿದ್ದೂ ಅವರನ್ನು ಆರಿಸಿದ ಕಂಪನಿಯ ಮೇಲೆ. ನನ್ನ ಮಟ್ಟಿಗೆ ಅದು ನ್ಯಾಯವಾದ ಸಿಟ್ಟು.

ಇದಕ್ಕೆ ತದ್ವಿರುದ್ಧವಾದದ್ದು 2015ರ ನವೆಂಬರ್‌ನಲ್ಲಿ ನಮ್ಮ ದೇಶದಲ್ಲೇ ನಡೆಯಿತು. ನಟ ಆಮಿರ್ ಖಾನ್ ಅಸಹಿಷ್ಣುತೆಯ ಬಗ್ಗೆ ಆಡಿದ ಮಾತಿಗೆ ಸಿಟ್ಟಾದವರು, ಅವರು ಆಗಲೇ ರಾಯಭಾರಿಯಾಗಿದ್ದ ಆನ್‌ಲೈನ್ ಮಾರಾಟದ ಕಂಪನಿ ಸ್ನ್ಯಾಪ್‌ಡೀಲ್‌ನ ಆ್ಯಪನ್ನು ಫೋನಿನಿಂದ ಅಳಿಸಿಹಾಕತೊಡಗಿದರು. ಆ ಮಾತಿಗೂ ತನಗೂ ಸಂಬಂಧವಿಲ್ಲವೆಂದು ಕಂಪನಿ ಹೇಳಬೇಕಾಯಿತು, ಮುಂದಿನ ವರ್ಷ ಒಪ್ಪಂದ ನವೀಕರಣವಾಗಲಿಲ್ಲ. ಆ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಕಂಪನಿಯಂತೂ ಅದನ್ನು ಆಡಿಸಿಯೂ ಇರಲಿಲ್ಲ, ಮೊದಲೇ ಊಹಿಸುವಂತೆಯೂ ಇರಲಿಲ್ಲ. ಇಂಥ ಸಂದರ್ಭದಲ್ಲಿ ಕಂಪನಿ ಆಮೇಲೆ ಹೇಗೆ ನಡೆದುಕೊಂಡಿತು ಎಂಬುದನ್ನಷ್ಟೇ ತೂಗಿ ನೋಡಬಹುದು.

ಆಡಿದ ಮಾತು ಇಡಿಯಾಗಿ ಏನಿತ್ತು ಎಂಬುದನ್ನೂ ಕೇಳಿಸಿಕೊಂಡು ತೀರ್ಮಾನಿಸುವುದು ಒಳ್ಳೆಯದು. 2017ರಲ್ಲಿ ಲೋರಿಯಲ್‌ನ ಬ್ರಿಟನ್ ಶಾಖೆ ಮನ್ರೋ ಬರ್ಗ್‌ಡಾರ್ಫ್ ಎಂಬ ರೂಪದರ್ಶಿಯನ್ನು, ಬಿಳಿಯರ ಜನಾಂಗದ್ವೇಷದ ಬಗ್ಗೆ ಆಕೆ ಬರೆದ ಮಾತುಗಳು ವಿವಾದವಾದ ಕಾರಣಕ್ಕೆ, ಪ್ರಚಾರದಿಂದ ಕೈಬಿಟ್ಟಿತು. 2020ರಲ್ಲಿ ಅದೇ ಕಂಪನಿ ಕಪ್ಪುಜನರ ಪರವಾಗಿ ಹೇಳಿಕೆ ಕೊಟ್ಟಾಗ, ನನ್ನನ್ನು ಹೊರಹಾಕಿದವರು ನೀವೇ ಅಲ್ಲವೇ ಎಂದು ಆಕೆ ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಕೊನೆಗೆ ಕಂಪನಿಯೇ ವಿಷಾದಿಸಿ, ಆಕೆಯನ್ನು ತನ್ನ ಸಲಹಾ ಮಂಡಳಿಯೊಂದಕ್ಕೆ ಕರೆದುಕೊಂಡಿತು. ಹೀಗಾಗಿ ಹದಿನೈದು ಸೆಕೆಂಡಿನ ತುಣುಕನ್ನಷ್ಟೇ ನೋಡಿ ಯಾರ ಮೇಲೂ ತೀರ್ಪು ಕೊಡುವ ಅವಸರ ಬೇಡ.

ಇನ್ನು, ನೀವೊಬ್ಬರು ಬಿಟ್ಟರೆ ಏನಾದೀತು ಎಂಬ ಮಾತು. ಮಂಡ್ಯದ ವಿ.ವಿ. ರಸ್ತೆಯದ್ದಾಗಲಿ ಮೈಸೂರಿನ ಶಿವರಾಂಪೇಟೆಯದ್ದಾಗಲಿ, ಯಾವುದೇ ಫ್ಯಾನ್ಸಿ ಸ್ಟೋರಿನ ಗಾಜಿನ ಕಪಾಟಿನಲ್ಲಿ ಕಾಣುವ ಡಬ್ಬಿಯ ಹಣ ಸಾಮಾನ್ಯವಾಗಿ ಆಗಲೇ ವಿತರಕರ ಮೂಲಕ ಕಂಪನಿ ಸೇರಿರುತ್ತದೆ. ಆ ಡಬ್ಬಿಯನ್ನು ನೀವು ಕೊಳ್ಳದೆ ಹೋದರೆ ಮೊದಲು ಸಿಕ್ಕಿಕೊಳ್ಳುವುದು ಅಂಗಡಿಯವರ ಬಂಡವಾಳ. ಇದನ್ನು ಯೋಚಿಸದೆ ಅಂಗಡಿಗೆ ನುಗ್ಗಿ ಪೋಸ್ಟರ್ ಹರಿದು ಕೂಗಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಆದರೆ ಅದೇ ಅಂಗಡಿಗೆ ಕಂಪನಿಯ ಸೇಲ್ಸ್‌ಮನ್ ಆಗಾಗ ಬಂದು ಮುಂದಿನ ಆರ್ಡರ್ ಬರೆದುಕೊಂಡು ಹೋಗುತ್ತಾರೆ. ಕಂಪನಿಗೆ ನಿಜವಾಗಿ ಬಿಸಿ ತಟ್ಟುವ ಜಾಗ ಆ ಆರ್ಡರ್ ಪುಸ್ತಕ. ಸುಮ್ಮನೆ ಬೇರೆ ಕ್ರೀಮ್ ಕೇಳಿ ತೆಗೆದುಕೊಂಡು ಬಂದರೆ ಅಂಗಡಿಯವರಿಗೆ ಕಾರಣ ತಿಳಿಯುವುದಿಲ್ಲ. ‘ಆ ಜಾಹೀರಾತಿನವರು ಹೀಗೆ ಮಾತಾಡಿದ್ದಾರೆ, ಅವರನ್ನು ಇಟ್ಟುಕೊಂಡಿರುವ ತನಕ ನನಗೆ ಇದು ಬೇಡ’ ಎಂದು ಹೇಳಿ ಬಂದರೆ, ಆ ಮಾತು ಸೇಲ್ಸ್‌ಮನ್ ಕಿವಿಗೂ, ಅಲ್ಲಿಂದ ವಿತರಕರಿಗೂ ತಲುಪುವ ಸಂಭವವಿದೆ. ಕಾಲೇಜಿನ ಹಾಸ್ಟೆಲಿನ ಹತ್ತು ಹುಡುಗಿಯರು ಒಂದೇ ಅಂಗಡಿಯಲ್ಲಿ ಹೀಗೆ ಹೇಳಿದರೆ ಮುಂದಿನ ಆರ್ಡರಿನಲ್ಲಿ ಒಂದು ಡಜನ್ ಕಡಿಮೆಯಾಗುವುದು ಕಷ್ಟವಲ್ಲ. ‘ಇಟ್ಟುಕೊಂಡಿರುವ ತನಕ’ ಎಂಬ ಷರತ್ತನ್ನು ಮಾತ್ರ ಬಿಡಬೇಡಿ, ಏಕೆಂದರೆ ಏನು ಮಾಡಿದರೆ ಗಿರಾಕಿ ಮರಳುತ್ತಾರೆ ಎಂಬುದು ತಿಳಿಯದಿದ್ದರೆ ಕಂಪನಿಗೆ ಬದಲಾಗುವ ಕಾರಣವೇ ಇರುವುದಿಲ್ಲ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿಕೊಳ್ಳಿ. ಲ್ಯಾಕ್ಮೆ ಬಿಟ್ಟು ಪಾಂಡ್ಸ್ ಕೊಂಡರೂ ಹಣ ಹೋಗುವುದು ಹಿಂದುಸ್ತಾನ್ ಯೂನಿಲಿವರ್‌ಗೇ. ಮೇಬಲೀನ್ ಮತ್ತು ಗಾರ್ನಿಯೆ ಎರಡೂ ಲೋರಿಯಲ್‌ನವು. ಬ್ರ್ಯಾಂಡಿಗೆ ಪಾಠ ಕಲಿಸಿದೆವೆಂದು ಬೀಗುತ್ತಾ ಅದರ ತಂಗಿಯನ್ನೇ ಮನೆಗೆ ಕರೆತರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾನೂನಿನಲ್ಲಿ ಇದಕ್ಕೆ ಹೆಚ್ಚಿನ ದಾರಿಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ, ಅದರಲ್ಲಿ ಕಾಣಿಸಿಕೊಂಡವರಿಗೂ ಮೊದಲ ಸಲದ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ಅದು ಸರಕಿನ ಬಗ್ಗೆ ಹೇಳಿದ ಸುಳ್ಳಿಗೆ, ಬೇರೆಲ್ಲೋ ಆಡಿದ ಕೀಳು ಮಾತಿಗಲ್ಲ.

ನಮ್ಮಲ್ಲಿ ಈ ಚರ್ಚೆ ಬಂದಾಗಲೆಲ್ಲ 2025ರ ಮೇ ತಿಂಗಳ ಮೈಸೂರು ಸ್ಯಾಂಡಲ್ ವಿವಾದವನ್ನು ಎಳೆದುತರುವುದುಂಟು. ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ಕಲಾವಿದರು ಇರಲಿಲ್ಲವೇ ಎಂದು ಅನೇಕರು ಕೇಳಿದರು. ಅಲ್ಲಿದ್ದದ್ದು ಆಯ್ಕೆಯ ಪ್ರಶ್ನೆ. ಆ ನಟಿ ಯಾರನ್ನೂ ಹೀಗಳೆದಿರಲಿಲ್ಲ. ಮೇಲಾಗಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಆ ಸೋಪು ಸರ್ಕಾರಿ ಕಂಪನಿಯದ್ದು, ಅಂದರೆ ಶಾಸಕರ ಮೂಲಕ ವಿಧಾನಸಭೆಯಲ್ಲಿಯೇ ಪ್ರಶ್ನೆ ಕೇಳಿಸಬಹುದಾದದ್ದು. ಖಾಸಗಿ ಕಂಪನಿಯ ಮುಂದೆ ಗಿರಾಕಿಗೆ ಇಂಥ ದಾರಿಯಿಲ್ಲದ ಕಾರಣಕ್ಕೇ ಕೊಳ್ಳದಿರುವುದಕ್ಕೆ ಅಷ್ಟು ಬೆಲೆ.

ಅರ್ಧ ಡಬ್ಬಿಯನ್ನು ಎಸೆಯುವುದರಿಂದ ಕಂಪನಿಗೆ ಒಂದು ಪೈಸೆಯೂ ನಷ್ಟವಿಲ್ಲ, ನಿಮಗೆ ಮಾತ್ರ ಇದೆ. ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಎಂದರ್ಥ. ಅಷ್ಟರೊಳಗೆ ಹಚ್ಚಿ ಮುಗಿಸಿ, ಮುಗಿಯುವ ಮುನ್ನ ಡಬ್ಬಿಯ ಮೇಲಿರುವ ಗ್ರಾಹಕ ದೂರಿನ ವಿಳಾಸಕ್ಕೆ, ಎಷ್ಟು ವರ್ಷದಿಂದ ಕೊಳ್ಳುತ್ತಿದ್ದಿರಿ ಮತ್ತು ಮುಂದಿನದನ್ನು ಏಕೆ ಕೊಳ್ಳುವುದಿಲ್ಲ ಎಂದು ನಾಲ್ಕು ಸಾಲು ಬರೆದು ಕಳುಹಿಸಿ.